ಹುಳುಮನೆಗೆ ಬಂದ ಉಡ

ಆ ಉಡಕ್ಕೆ ನಾನು ಮಾಡಿದ ಮೊದಲ ಉಪಕಾರವೆಂದರೆ ಅದನ್ನು ಚಳಿಯಲ್ಲಿ ಕೂರಿಸಿ ಉಪವಾಸ ಕೆಡವಿದ್ದು. ಬೇಕೆಂದು ಮಾಡಿದ್ದಲ್ಲ. ರೇಷ್ಮೆ ಇಲಾಖೆಯ ಕೆಲಸದಲ್ಲಿ ಟಿ. ನರಸೀಪುರದ ಸುತ್ತಲಿನ ಹಳ್ಳಿಗಳನ್ನು ಮೂವತ್ತು ವರ್ಷ ತಿರುಗಿ, ಹುಳು ಸಾಕುವವರಿಗೆ ಒಂದೇ ಪಾಠ ಒಪ್ಪಿಸಿದವಳು ನಾನು. ತಂಪಾಗಿಡಿ, ತೇವವಾಗಿಡಿ, ಚೊಕ್ಕಟವಾಗಿಡಿ. ಬಿಸಿಲು ಬಡಿಯಿತೋ, ಹುಳು ಹೋಯಿತು. ಜೀವ ಉಳಿಯಬೇಕಾದರೆ ನೆರಳು ಬೇಕು ಎನ್ನುವುದು ನನ್ನ ತಲೆಯಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಬಿಸಿಲೇ ಬೇಕೆನ್ನುವ ಜೀವವೂ ಒಂದಿರಬಹುದು ಎಂದು ಹೊಳೆಯಲೇ ಇಲ್ಲ.

ಉಡ ಬಂದದ್ದು ಮಾಗಿಯ ಚಳಿಯಲ್ಲಿ. ನಂಜನಗೂಡಿನ ಹತ್ತಿರದ ಒಂದು ಊರಿನಲ್ಲಿ ಯಾರೋ ಅದನ್ನು ಮರಿಯಿಂದಲೂ ಸಾಕಿದ್ದರಂತೆ. ಸಾಕುವುದೆಂದರೆ, ಸೊಂಟಕ್ಕೆ ನೈಲಾನ್ ಹಗ್ಗ ಬಿಗಿದು ಬಚ್ಚಲಿನ ಕಂಬಕ್ಕೆ ಕಟ್ಟಿ, ಮೊಟ್ಟೆ ಬನ್ನು ಹಾಕಿ, ಬಂದ ನೆಂಟರಿಗೆಲ್ಲ ತೋರಿಸುವುದು. ಉಡ ಸಾಕುವುದು ಅಪರಾಧ. ಅರಣ್ಯದವರು ಬಿಡಿಸಿಕೊಂಡು ಬಂದರು, ಪಶುವೈದ್ಯರು ಗಾಯ ತೊಳೆದು ಮದ್ದು ಹಚ್ಚಿದರು. ಇನ್ನು ಅದು ಚೇತರಿಸಿಕೊಳ್ಳುವ ತನಕ ಇಡುವುದಕ್ಕೆ ಒಂದು ಜಾಗ ಬೇಕಿತ್ತು. ನಮ್ಮ ಕಡೆಯ ಗಾರ್ಡಿಗೆ ನನ್ನ ನೆನಪಾಯಿತು. ಅವನ ಅಪ್ಪನ ಹುಳುಮನೆಗೆ ವರ್ಷಗಟ್ಟಲೆ ಹೋಗಿ, ಚೊಕ್ಕಟ ಸಾಲದೆಂದು ಬೈದು ಬಂದವಳು ನಾನು. ಬೈದವರ ಮೇಲೆ ಜನಕ್ಕೆ ಅದೇನು ನಂಬಿಕೆಯೋ.

"ಮೇಡಂ, ನಿಮ್ ಉಳಿನ್ ಮನೆ ಖಾಲಿ ಬಿದ್ದದಲ್ಲ, ಒಸಿ ದಿನ ಇದ ಮಡಿಕಳಿ. ಸಾಯೇಬ್ರು ಕಾಗ್ದ ಕೊಟ್ಟವ್ರೆ," ಎಂದು ಅವನು ಬೈಕಿನ ಹಿಂದಿನಿಂದ ಬೂಸಾ ಚೀಲವೊಂದನ್ನು ಇಳಿಸಿದ.

ನಮ್ಮ ಊರು ಸೋಮನಾಥಪುರಕ್ಕೆ ಹೋಗುವ ದಾರಿಯಲ್ಲಿದೆ. ಮನೆಯ ಹಿಂದೆ ನಮ್ಮದೇ ಹುಳುಮನೆ. ನಿವೃತ್ತಿಯಾದ ಮೇಲೆ ಸ್ವಲ್ಪ ಕಾಲ ನಾವೂ ಹುಳು ಸಾಕಿದೆವು. ನನ್ನ ಯಜಮಾನರ ಮಂಡಿ ಕೈಕೊಟ್ಟ ಮೇಲೆ ನಿಲ್ಲಿಸಿದೆವು. ಹುಳು ನಿಂತರೂ ನನ್ನ ಮೈ ನಿಲ್ಲಲಿಲ್ಲ. ಹುಳು ಸಾಕಿದವರಿಗೆ ಗಳಿಗೆಗೊಮ್ಮೆ ಎದ್ದು ಹೋಗಿ ನೋಡುವುದು ರೋಗದ ಹಾಗೆ ಅಂಟಿಕೊಳ್ಳುತ್ತದೆ. ನಾನು ಖಾಲಿ ತಟ್ಟೆಗಳನ್ನು ನೋಡಿ ನೋಡಿ ವಾಪಸು ಬರುತ್ತಿದ್ದೆ. ಹಾಗಾಗಿ ಚೀಲ ಅಲ್ಲಾಡಿದ್ದನ್ನು ಕಂಡಾಗ, ಯಜಮಾನರನ್ನು ಒಂದು ಮಾತೂ ಕೇಳದೆ, ಆಗಲಿ ಎಂದುಬಿಟ್ಟೆ.

ಬಾಲ ಸೇರಿ ಎರಡೂವರೆ ಮೊಳ ಉದ್ದ. ಸೊಂಟದ ಸುತ್ತ ಹಗ್ಗ ಕಚ್ಚಿದ ಗಾಯ. ನಾನು ಕಿಟಕಿಗಳಿಗೆ ಗೋಣಿತಾಟು ಕಟ್ಟಿಸಿ ನೀರು ಚಿಮುಕಿಸಿದೆ. ಇರುವೆ ಹತ್ತದಿರಲೆಂದು ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟೆ. ಗೋಡೆಯ ಥರ್ಮಾಮೀಟರ್ ಒರೆಸಿ ನೋಡಿದೆ. ಹುಳುವಾಗಿದ್ದರೆ ಗೂಡು ಕಟ್ಟಿ ನನಗೆ ಆಶೀರ್ವಾದ ಮಾಡುತ್ತಿತ್ತು. ಉಡ ಕಣ್ಣು ಮುಚ್ಚಿ ಮೂಲೆ ಹಿಡಿದು ಮಲಗಿತು. ಮೊಟ್ಟೆ ಇಟ್ಟರೆ ಮುಟ್ಟಲಿಲ್ಲ. ಎರಡು ದಿನ ಆಯಿತು, ಮೂರು ದಿನ ಆಯಿತು. ಮೈ ಮುಟ್ಟಿದರೆ ಕಲ್ಲಿನಷ್ಟು ತಣ್ಣಗೆ. ನಾನು ಇನ್ನೊಂದು ಕೊಡ ನೀರು ಚಿಮುಕಿಸಿದೆ.

ನಾಲ್ಕನೇ ದಿನ ಪಶುವೈದ್ಯರಿಗೆ ಫೋನ್ ಮಾಡಿ ನನ್ನ ಏರ್ಪಾಡನ್ನೆಲ್ಲ ಹೆಮ್ಮೆಯಿಂದಲೇ ವಿವರಿಸಿದೆ.

"ಅದೇನು ರೇಷ್ಮೆಹುಳಾನಾ ಮೇಡಂ? ಮೈ ಕಾಯದಿದ್ರೆ ಅದಕ್ಕೆ ಹೊಟ್ಟೇಲಿರೋದೇ ಅರಗಲ್ಲ. ಮೊದಲು ಬಿಸಿಲಿಗೆ ಹಾಕಿ," ಎಂದರು.

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದಾಗ ಕೆಲಸ ಹೆಚ್ಚು ಸಾಗುತ್ತದೆ. ಅಂದೇ ಹುಳುಮನೆಯ ಪೂರ್ವದ ಗೋಡೆಗೆ ಒತ್ತಿದಂತೆ ಉಡಕ್ಕೆ ಬೇರೆ ಮನೆ ಕಟ್ಟಲು ಶುರು ಮಾಡಿದೆವು. ನಾಲ್ಕು ಮೂಲೆಗೆ ಕಬ್ಬಿಣದ ಕಂಬ, ಸುತ್ತ ಕೋಳಿ ಸಾಕುವವರ ಗಟ್ಟಿ ಜಾಲರಿ, ಅರ್ಧ ಮಾತ್ರ ತಗಡಿನ ಮಾಡು. ಮಧ್ಯಾಹ್ನದವರೆಗೂ ಬಿಸಿಲು ಬೀಳುವ ಕಡೆ ಒಂದು ಚಪ್ಪಡಿ ಕಲ್ಲು. ಹತ್ತಲು ಓರೆಯಾಗಿ ನಿಲ್ಲಿಸಿದ ಹುಣಸೆ ದಿಮ್ಮಿ. ಮುಳುಗಲು ದನಗಳ ಹಳೆಯ ಸಿಮೆಂಟ್ ತೊಟ್ಟಿ. ಒಂದು ಮೂಲೆಯಲ್ಲಿ ಬಿಲ ತೋಡಲಿ ಎಂದು ಎರಡು ಗಾಡಿ ಕೆಮ್ಮಣ್ಣು. ಕಲ್ಲು ನೆರಳಿಗೆ ಬಂತೆಂದು ಒಂದು ಸಲ, ದಿಮ್ಮಿ ಅಲ್ಲಾಡುತ್ತದೆಂದು ಇನ್ನೊಂದು ಸಲ, ಬಾಗಿಲು ಒಳಕ್ಕೆ ತೆರೆಯುತ್ತದೆಂದು ಮತ್ತೊಂದು ಸಲ ಬಿಚ್ಚಿಸಿ ಕಟ್ಟಿಸಿದೆ.

"ನಮ್ ಮನೆ ಕಟ್ಟಿಸ್ಬೇಕಾದ್ರೂ ನೀನು ಇಷ್ಟು ಕಾಟ ಕೊಡ್ನಿಲ್ಲ ಕಣೆ," ಎಂದರು ಯಜಮಾನರು, ಮಂಡಿ ಹಿಡಿದುಕೊಂಡು.

"ಆವಾಗ ನೀವು ನನ್ನ ಕೇಳಿದ್ರಾ?" ಎಂದೆ.

ಬಿಸಿಲು ಕಲ್ಲನ್ನು ಕಾಯಿಸಿತು, ಕಲ್ಲು ಉಡವನ್ನು ಕಾಯಿಸಿತು. ಹೊಸ ಮನೆಗೆ ಬಿಟ್ಟ ಎರಡನೇ ಬೆಳಿಗ್ಗೆ ಅದು ಕುತ್ತಿಗೆ ಎತ್ತಿ, ಸೀಳು ನಾಲಿಗೆ ಚಾಚಿ, ಮೊಟ್ಟೆಯನ್ನು ಸಿಪ್ಪೆ ಸಮೇತ ನುಂಗಿತು. ನಾನು ಕೂಗಿಕೊಂಡದ್ದು ಕೇಳಿ ಹಿತ್ತಿಲಿನ ಹಸುಗಳೂ ತಿರುಗಿ ನೋಡಿದವು. ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಒಲೆಯ ಮೇಲೆ ಸಾರು ಇಟ್ಟು ಹೋಗಿ ನೋಡುವುದು, ಬಟ್ಟೆ ಹಿಂಡುತ್ತ ಹೋಗಿ ನೋಡುವುದು. ಹತ್ತು ಗಂಟೆಗೆ ಮೊಟ್ಟೆ. ಹತ್ತು ದಿನ ಕಳೆಯುವಷ್ಟರಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಅದು ಬಿಲದಿಂದ ಎದ್ದು ಜಾಲರಿಯ ಹತ್ತಿರ ಬಂದು ಕೂರುತ್ತಿತ್ತು. ನಿವೃತ್ತಿಯಾದ ಮೇಲೆ ನನ್ನ ಹೆಜ್ಜೆಗೆ ಯಾರೂ ಹಾಗೆ ಎದ್ದು ಬಂದಿರಲಿಲ್ಲ.

ಪಕ್ಕದ ಮನೆಯವನೂ ದಿನಾ ಬೇಲಿಯ ಮೇಲಿಂದ ಇಣುಕುತ್ತಿದ್ದ. ಒಂದು ದಿನ ತಲೆ ಕೆರೆದುಕೊಂಡು, "ಅಕ್ಕೋ, ಅದು ಎಂಗಿದ್ರೂ ಬದುಕಂಗ್ ಕಾಣಕಿಲ್ಲ. ನಂಗೂ ಸೊಂಟ ಇಡ್ಕಬುಟ್ಟದೆ. ಒಸಿ ಕೊಬ್ಬು ಸಿಕ್ಕಿದ್ರೆ..." ಎಂದ. ಉಡದ ಕೊಬ್ಬು ಹಚ್ಚಿದರೆ ನೋವು ಹೋಗುತ್ತದೆ ಎನ್ನುವ ನಂಬಿಕೆ ನಮ್ಮ ಕಡೆ ಇನ್ನೂ ಸತ್ತಿಲ್ಲ.

"ನಿನ್ನ ಸೊಂಟಕ್ಕೆ ಜೈಲಿನ ನೆಲವೇ ಸರಿಯಾದ ಮದ್ದು ಕಣಯ್ಯ," ಎಂದೆ. ಅವನು ನಗುತ್ತಲೇ ಹೋದ. ಆದರೆ ಅವನು ಹೋದ ಮೇಲೆ ನಾನು ಬಾಗಿಲಿಗೆ ಬೀಗ ಹಾಕಿದೆ.

ಬೀಗ ಹಾಕಿ ಏನು ಬಂತು. ಮೂರು ದಿನದ ಮೇಲೆ ಬೆಳಿಗ್ಗೆ ಹೋಗಿ ನೋಡಿದರೆ ಬೀಗ ಇದ್ದ ಹಾಗೇ ಇದೆ, ಉಡ ಇಲ್ಲ. ಜಾಲರಿಯ ಬುಡದಲ್ಲಿ ಮಣ್ಣು ತೋಡಿದ ತೂತು. ಆಗ ನನಗೆ ನನ್ನ ಎರಡನೇ ತಪ್ಪು ತಿಳಿಯಿತು. ಜಾಲರಿಯನ್ನು ನೆಲದೊಳಕ್ಕೆ ಹೂಳಬೇಕೆಂದು ನನಗೆ ತೋಚಿರಲೇ ಇಲ್ಲ. ಜನ್ಮವೆಲ್ಲ ನಾನು ಕಲಿಸಿದ್ದು ಹೊರಗಿನದು ಒಳಗೆ ಬರದ ಹಾಗೆ ತಡೆಯುವುದನ್ನು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರಬಾರದು, ಇರುವೆ ಬರಬಾರದು, ಇಲಿ ಬರಬಾರದು. ಒಳಗಿರುವುದು ಹೊರಗೆ ಹೋಗಬಯಸುತ್ತದೆ ಎಂಬ ಲೆಕ್ಕವೇ ಇರಲಿಲ್ಲ, ಯಾಕೆಂದರೆ ರೇಷ್ಮೆಹುಳು ಎಲ್ಲಿಗೂ ಹೋಗುವುದಿಲ್ಲ. ಸೊಪ್ಪು ಹಾಕಿದ ಕಡೆಯೇ ತಿಂದು, ಅಲ್ಲೇ ಗೂಡು ಕಟ್ಟಿ, ನಾವು ಬೇಯಿಸುವ ತನಕ ಕಾಯುತ್ತದೆ.

ಬೇಲಿ, ಬದು, ನಾಲೆಯ ಏರಿ, ಕಬ್ಬಿನ ಸಾಲು ಎಲ್ಲ ಹುಡುಕಿದೆ. ಪಕ್ಕದ ಮನೆಯ ಒಲೆಯ ಹೊಗೆ ಕಂಡಾಗ ಅವನು ಕೇಳಿದ ಕೊಬ್ಬು ನೆನಪಾಯಿತು. ನಾಚಿಕೆ ಬಿಟ್ಟು ಅವರ ಅಡುಗೆಮನೆಗೇ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದೆ. ಅವರೆಕಾಳು ಸಾರು. ಸೋತು ಹಿಂದೆ ಬಂದರೆ, ಉಡ ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿತ್ತು. ಗಂಟೆ ಹತ್ತಾಗಿತ್ತು. ಮೊಟ್ಟೆಗೆ ಬಂದಿತ್ತು.

ನನಗಾದ ಸಂತೋಷ ಹೇಳತೀರದು. ಗಾರ್ಡಿಗೆ ಫೋನ್ ಮಾಡಿ, "ನೋಡಪ್ಪ, ತಪ್ಪಿಸಿಕೊಂಡರೂ ನನ್ನ ಹತ್ತಿರವೇ ಬಂತು," ಎಂದೆ. ಅವನು ಮಧ್ಯಾಹ್ನವೇ ಬಂದ. ಮುಖದಲ್ಲಿ ನಗುವಿರಲಿಲ್ಲ.

"ಮೇಡಂ, ಇಂಗೆ ಇನ್ನೊಬ್ರ ಅಡ್ಗೆಮನೆಗೆ ಓದ್ರೆ ಅಲ್ಲೇ ಬೇಯ್ತದೆ. ಜನರ ಕಂಡ್ರೆ ಓಡೋದ ಕಲಿಯೋಗಂಟ ಬುಡಕಾಗಕಿಲ್ಲ. ಕಲೀನಿಲ್ಲ ಅಂದ್ರೆ ಸಾಯೋಗಂಟ ಬೋನೇ ಗತಿ. ಒಂದ್ ತಿಂಗ್ಳು ನೋಡವ ಅಂದವ್ರೆ ಸಾಯೇಬ್ರು."

ಜಾಲರಿಯನ್ನು ಒಂದು ಮೊಳ ಆಳಕ್ಕೆ ಹೂಳಿ ಕಲ್ಲು ತುಂಬಿದೆವು. ಸುತ್ತ ಹಸಿರು ಪರದೆ ಕಟ್ಟಿ ಮನುಷ್ಯರ ಮುಖ ಕಾಣದ ಹಾಗೆ ಮಾಡಿದೆವು. ಕೈಯಿಂದ ತಿನ್ನಿಸುವುದು ನಿಂತಿತು. ಯಜಮಾನರು ಗದ್ದೆ ಏಡಿಗಳನ್ನು ಹಿಡಿದು ತಂದು ಪಿವಿಸಿ ಪೈಪಿನಲ್ಲಿ ಒಳಕ್ಕೆ ಬಿಡುತ್ತಿದ್ದರು. ಅದು ಅಟ್ಟಿಸಿಕೊಂಡು ಹೋಗಿ ಹಿಡಿಯುವ ಸದ್ದು ಹೊರಗೆ ಕೇಳುತ್ತಿತ್ತು. ನಾನು ದೂರ ಇರುವುದಾಗಿ ಮಾತು ಕೊಟ್ಟೆ. ಕೊಟ್ಟ ಮಾತಿಗೆ ತಪ್ಪಿದೆನೆಂದು ಈಗ ಒಪ್ಪಿಕೊಳ್ಳುತ್ತೇನೆ. ಪರದೆಯ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ನಾನೇ ಬಿಡಿಸಿದ್ದೆ. ಅಲ್ಲಿ ಒಂದು ಕಣ್ಣಿಟ್ಟು, ಮಾತಾಡದೆ, ಒಂದೇ ನಿಮಿಷ ನೋಡಿ ಬರುತ್ತಿದ್ದೆ. ದಿನಕ್ಕೆ ಎಷ್ಟು ನಿಮಿಷ ಎಂದು ಕೇಳಬೇಡಿ.

ತಿಂಗಳು ಮುಗಿಯಲು ಎರಡು ವಾರ ಇರುವಾಗ ಗಾರ್ಡ್ ಪರೀಕ್ಷೆಗೆ ಬಂದ. ಅವನು ಒಳಗೆ ಹೋದ. ಉಡ ಮೈ ಉಬ್ಬಿಸಿ ಬುಸುಗುಟ್ಟಿ, ಬಾಲದಿಂದ ಅವನ ಮೀನಖಂಡಕ್ಕೆ ಬಾರಿಸಿ ಬಿಲ ಸೇರಿತು. ಅವನು ಕುಂಟುತ್ತಲೇ ಖುಷಿಪಟ್ಟ. ಯಜಮಾನರು ಹೋದರು, ಅವರಿಗೂ ತಲೆ ತೋರಿಸಲಿಲ್ಲ. ಕೊನೆಗೆ ನಾನು. ಬಾಗಿಲ ಹತ್ತಿರ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅದು ಬಿಲದಿಂದ ಹೊರಗೆ ಬಂದು ನನ್ನ ಕಾಲ ಹತ್ತಿರ ಕೂತಿತು. ನನಗೆ ಒಳಗೊಳಗೇ ಹಿಗ್ಗಾಯಿತು, ಹಿಗ್ಗಿದ್ದಕ್ಕೆ ಹೇಸಿಗೆಯೂ ಆಯಿತು.

"ಇದ್ಕೆ ಎಲ್ರ ಮೇಲೂ ಭಯ ಬಂದದೆ ಮೇಡಂ, ನಿಮ್ ಮೇಲೆ ಒಂದ್ ಬಿಟ್ಟು," ಎಂದ ಗಾರ್ಡ್. ಆಮೇಲೆ ನೆಲ ನೋಡುತ್ತ, "ನೀವು ಒಸಿ ದಿನ ಊರಲ್ಲಿಲ್ದೆ ಇದ್ರೆ ಒಳ್ಳೇದು," ಎಂದ.

ನನ್ನ ಮನೆಯಿಂದ ನನ್ನನ್ನೇ ಅಟ್ಟುತ್ತೀಯಾ ಎಂದು ಕೂಗಾಡಿದೆ. ಮಾರನೆಯ ದಿನ ಬ್ಯಾಗು ಹಿಡಿದು ನಂಜನಗೂಡಿನ ತಂಗಿಯ ಮನೆಗೆ ಹೊರಟೆ.

ಅಲ್ಲಿ ನಾನು ಕಳೆದ ದಿನಗಳನ್ನು ತಂಗಿ ಇಂದಿಗೂ ಆಡಿಕೊಳ್ಳುತ್ತಾಳೆ. ಬೆಳಿಗ್ಗೆ ಕಪಿಲೆಯ ಮೆಟ್ಟಿಲಿಗೆ ಹೋಗುವುದು, ನೀರು ನೋಡುವ ಮೊದಲೇ ವಾಪಸು ಬರುವುದು. ಅವಳ ಪಾತ್ರೆಗಳನ್ನು ಇಳಿಸಿ ತೊಳೆದು ಮತ್ತೆ ಜೋಡಿಸುವುದು. "ಒಂದ್ ಕಡೆ ಕೂತ್ಕೊ ಅಕ್ಕ, ಬಾಲ ಸುಟ್ಟ ಬೆಕ್ಕಿನಂಗೆ ಸುತ್ತಬೇಡ," ಎಂದು ಬೈದಳು. ಒಂದು ದಿನ ಬಸ್ ನಿಲ್ದಾಣಕ್ಕೆ ಹೋಗಿ ನರಸೀಪುರದ ಬಸ್ಸಿನಲ್ಲಿ ಕೂತುಬಿಟ್ಟೆ. ಕಂಡಕ್ಟರ್ ಟಿಕೆಟ್ ಕೇಳುತ್ತ ಹತ್ತಿರ ಬಂದಾಗ ಎದ್ದು ಇಳಿದೆ. ಯಜಮಾನರಿಗೆ ಫೋನ್ ಮಾಡಿದರೆ ಒಂದೇ ಉತ್ತರ: "ಚೆನ್ನಾಗದೆ. ಏಡಿ ತಿಂತು." ನನ್ನನ್ನು ಹುಡುಕುತ್ತದಾ ಎಂದು ಕೇಳಲು ಬಾಯಿಗೆ ಬರುತ್ತಿತ್ತು. ಅರವತ್ತು ದಾಟಿದ ಹೆಂಗಸು ಅದನ್ನು ಗಂಡನ ಹತ್ತಿರ ಕೇಳುವುದು ಹೇಗೆ.

ಹದಿಮೂರನೇ ದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು.

"ಬಿಟ್ಟಾಯ್ತು ಕಣೆ. ಗುಡ್ಡದ ಬುಡಕ್ಕೆ ತಗೊಂಡೋಗಿ ಚೀಲ ಬಿಚ್ಚಿದ್ವಿ. ಒಂದ್ ಗಳಿಗೆ ನಿಲ್ನಿಲ್ಲ. ಲಂಟಾನ ಪೊದೆಯೊಳಗೆ ನುಗ್ಗಿ ಮಾಯ."

"ನಾನು ಇಲ್ಲಿಗೆ ಬಂದ ಮೇಲೆ ಅದು ನನಗೆ ಕಾಯ್ತಿತ್ತಾ?" ಈಗ ಕೇಳಿಯೇಬಿಟ್ಟೆ.

"ಕಾಯ್ತಿತ್ತು. ಹತ್ತು ಗಂಟೆಗೆ ಬಂದು ಪರದೆ ಹತ್ರ ಕೂತ್ಕೊಳ್ಳೋದು. ಹೇಳಿದ್ರೆ ನೀನು ಬಸ್ ಹತ್ತಿ ಬಂದ್ಬಿಡ್ತಿದ್ದೆ, ಅದಕ್ಕೆ ಹೇಳ್ನಿಲ್ಲ. ಐದು ದಿನ ಬಂತು. ಆರನೇ ದಿನದಿಂದ ಬರ್ನಿಲ್ಲ."

"ಐದೇ ದಿನಾನಾ?" ಎಂದೆ.

"ಯಾಕೆ, ಕಮ್ಮಿ ಆಯ್ತಾ? ಸಂತೋಷಪಡೆ. ಇದಕ್ಕೇ ಅಲ್ವಾ ನೀನು ಅಲ್ಲೋಗಿ ಕೂತಿರೋದು?"

ಸಂತೋಷವೇ ಆಗಿತ್ತು, ಸುಳ್ಳು ಹೇಳುತ್ತಿಲ್ಲ. ಫೋನು ಇಟ್ಟ ಮೇಲೆ ತಂಗಿ, "ಏನಂತೆ ಅಕ್ಕ?" ಎಂದಳು. ಬಿಟ್ಟು ಬಂದರಂತೆ ಎನ್ನಬೇಕಿತ್ತು. "ಮರೆತುಬಿಡ್ತಂತೆ," ಎಂದೆ. ಆಮೇಲೆ ಅವಳ ಅಡುಗೆಮನೆಯ ನೆಲದ ಮೇಲೆ ಕೂತು, ತಂಗಿ ಗಾಬರಿಯಾಗುವ ಹಾಗೆ ಅತ್ತೆ.