ಆರನೆಯ ಘನಾಕೃತಿ

ಬರಿದಾದ ಗೋಣಿಚೀಲಕ್ಕೆ ಉದ್ದವುಂಟು, ಅಗಲವುಂಟು, ಎತ್ತರವಿಲ್ಲ. ಮಡಿಸಿಟ್ಟರೆ ಮಡಿಸಿದಲ್ಲೇ ಬಿದ್ದಿರುತ್ತದೆ. ಅದರೊಳಗೆ ಭತ್ತ ಸುರಿಯಿರಿ, ಎದ್ದು ಕೂರುತ್ತದೆ. ಹೊಟ್ಟೆ ಬರುತ್ತದೆ, ಮೇಲೆ ಎರಡು ಕಿವಿ ಮೂಡುತ್ತವೆ. ಗಂಗಾವತಿಯ ಅಕ್ಕಿ ಗಿರಣಿಗಳ ಸಾಲಿನಲ್ಲಿ ಆಯುಷ್ಯವೆಲ್ಲ ಗೋಣಿಚೀಲದ ಅಂಗಡಿ ನಡೆಸಿದ ನನಗೆ ಮೂರನೆಯ ಆಯಾಮದ ಪರಿಚಯವಾದದ್ದು ಹೀಗೆ. ಶಾಲೆಯಲ್ಲಿ ಆಗಲಿಲ್ಲ, ನಾಲ್ಕನೆಯ ತರಗತಿಗೇ ಶಾಲೆಗೂ ನನಗೂ ಋಣ ಹರಿದಿತ್ತು. ಆಮೇಲೆ ಓದಿದ್ದೆಲ್ಲ ರದ್ದಿಯಲ್ಲಿ ಬಂದ ಪಠ್ಯಪುಸ್ತಕಗಳನ್ನು. ರದ್ದಿಯ ಪುಸ್ತಕಕ್ಕೆ ಸಾಮಾನ್ಯವಾಗಿ ಮೊದಲ ಪುಟ ಇರುವುದಿಲ್ಲ. ಹೀಗಾಗಿ ಬರೆದವರು ಯಾರೆಂಬ ಭಯಭಕ್ತಿ ನನ್ನಲ್ಲಿ ಬೆಳೆಯಲೇ ಇಲ್ಲ. ಬೆಳೆದದ್ದು ಒಂದು ಚಟ: ಏನನ್ನು ಓದಿದರೂ, ಯಾರಿಂದ ಕೇಳಿದರೂ, “ಅದು ಸುಳ್ಳು” ಎನ್ನುವುದು.

ಈ ಚಟಕ್ಕೇ ಸಂಚಕಾರ ಬಂದದ್ದು ಖಾಜಾಸಾಬರ ಚಹಾದಂಗಡಿಯ ಕಟ್ಟೆಯ ಮೇಲೆ. ಗಣಿತ ಕಲಿಸಿ ನಿವೃತ್ತರಾದ ವಿರೂಪಾಕ್ಷಪ್ಪ ಮಾಸ್ತರರು ಅಲ್ಲಿ ನನ್ನ ನಿತ್ಯದ ಸಂಗಾತಿ. ಒಂದು ದಿನ ಮಿರ್ಚಿ ಬಜ್ಜಿ ಮುರಿಯುತ್ತ ಅವರು ಒಂದು ಸಂಗತಿ ತೆಗೆದರು. ಬದಿಗಳೂ ಕೋನಗಳೂ ಸಮನಾದ ಆಕೃತಿಗಳನ್ನು ಹಾಳೆಯ ಮೇಲೆ ಬೇಕಾದಷ್ಟು ಬಗೆಯಲ್ಲಿ ಬರೆಯಬಹುದು. ಮೂರು ಬದಿ, ನಾಲ್ಕು ಬದಿ, ನೂರು ಬದಿ, ಕೊನೆಯಿಲ್ಲ. ಆದರೆ ಅಂಥದೊಂದೇ ಆಕೃತಿಯ ತುಂಡುಗಳನ್ನು ಕೂಡಿಸಿ, ಎಲ್ಲಿಯೂ ತಗ್ಗಿಲ್ಲದಂತೆ, ಪ್ರತಿ ಮೂಲೆಯಲ್ಲೂ ಅಷ್ಟಷ್ಟೇ ತುಂಡುಗಳು ಸೇರುವಂತೆ ಕಟ್ಟುವ ಘನಾಕೃತಿಗಳು ಮಾತ್ರ ಐದೇ. ಆರನೆಯದು ಲೋಕದಲ್ಲಿಲ್ಲ.

ಹಾಳೆಯ ಮೇಲೆ ಕೊನೆಯಿಲ್ಲ, ಕೈಗೆ ಬಂದೊಡನೆ ಐದು! ಐದನ್ನು ಕಟ್ಟಿದವರು ಯಾರೋ ದಣಿದು ಊಟಕ್ಕೆ ಎದ್ದು ಹೋಗಿರಬೇಕು; ಹಿಂದಿನಿಂದ ಬಂದವರೆಲ್ಲ ಅದನ್ನೇ ನಕಲು ಮಾಡಿಕೊಂಡಿರಬೇಕು ಎಂದು ನನಗೆ ತೋರಿತು.

“ಅದು ಸುಳ್ಳು,” ಎಂದೆ.

ಮಾಸ್ತರರು ಬಜ್ಜಿ ಕೆಳಗಿಟ್ಟರು. “ಸುಳ್ಳಂದ್ರ ಆರನೇದು ತಂದು ತೋರಸ್ರಿ ಶರಣಪ್ಪನವರ. ಉಗಾದಿ ಒಳಗ ತಂದ್ರಿ, ಪುಸ್ತಕ ತಪ್ಪೈತಿ ಅಂತ ಈ ಕಟ್ಟಿ ಮ್ಯಾಲ ನಿಂತು ನಾನ ಒದರ್ತೀನಿ. ತರಲಿಲ್ಲ ಅಂದ್ರ, ಇನ್ನ ಮುಂದ ಈ ಕಟ್ಟಿ ಮ್ಯಾಲ ನಿಮ್ಮ ಬಾಯಿಂದ ಆ ಮಾತು ಬರಬಾರ್ದು.”

“ಹಂಗಾರ ಸಾವ್ಕಾರ್ರು ಉಗಾದಿಗೆ ಮೂಕ ಆದಂಗ ಬಿಡ್ರಿ,” ಎಂದರು ಖಾಜಾಸಾಬರು, ಚಹಾ ಸೋಸುತ್ತ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಪದವಿಯಿಲ್ಲದವನಿಗೆ ಸಂಶಯವೊಂದೇ ಸಂಪಾದನೆ. ಅದನ್ನೂ ಕಟ್ಟೆಯ ಮೇಲೆ ಬಿಚ್ಚಿಟ್ಟು ಬರುವುದೆಂದರೆ ಉಟ್ಟ ಧೋತರವನ್ನು ಬಿಚ್ಚಿಟ್ಟು ಬಂದಂತೆಯೇ.

ಮನೆಯಲ್ಲಿ ಕಾರ್ಖಾನೆ ಆರಂಭವಾಯಿತು. ಗೋಣಿಯ ತುಂಡುಗಳನ್ನು ಅಳತೆಗೆ ಕತ್ತರಿಸುವುದು, ದಬ್ಬಣಕ್ಕೆ ಸುತಳಿ ಪೋಣಿಸಿ ಹೊಲಿಯುವುದು, ಗಿರಣಿಯಿಂದ ತಂದ ಭತ್ತದ ಹೊಟ್ಟನ್ನು ಒಳಗೆ ಗಿಡಿದು ತುಂಬುವುದು. ನಾಲ್ಕು ತ್ರಿಕೋನಗಳದು ಸಿದ್ಧವಾಯಿತು, ಆರು ಚೌಕಗಳದು ಸಿದ್ಧವಾಯಿತು. ಹೀಗೆ ಐದೂ ಎದ್ದು ಕುಳಿತವು. ಇಪ್ಪತ್ತು ತ್ರಿಕೋನಗಳದ್ದು ಹೊಟ್ಟು ಹೆಚ್ಚಾಗಿ ಉಬ್ಬಿ ಕುಂಬಳಕಾಯಿಯಂತೆ ಕಂಡಿತೆಂಬುದನ್ನು ಒಪ್ಪುತ್ತೇನೆ. ನಡುಮನೆಯ ತುಂಬ ಹೊಟ್ಟು ಹಾರಾಡುತ್ತಿತ್ತು.

“ಮಕ್ಕಳು ಆಡೋ ವಯಸ್ಸಿನ್ಯಾಗ ಅಂಗಡ್ಯಾಗ ಕುಂತ್ರಿ, ಈಗ ಚೆಂಡು ಹೊಲ್ಯಾಕ ಹತ್ಯೀರಿ,” ಎಂದಳು ನನ್ನ ಹೆಂಡತಿ ಗೌರವ್ವ, ಮೂರನೆಯ ಸಲ ಕಸ ಗುಡಿಸುತ್ತ.

ಒಂದು ಮುಂಜಾನೆ ಎರಡು ತ್ರಿಕೋನದ ಗೋಪುರಗಳನ್ನು ತಳಕ್ಕೆ ತಳ ಸೇರಿಸಿ ಹೊಲಿದೆ. ಆರು ಮುಖ, ಆರೂ ಸಮ. ಆರನೆಯದು! ಟವೆಲಿನಲ್ಲಿ ಸುತ್ತಿಕೊಂಡು ಕಟ್ಟೆಗೆ ಹೋದೆ; ನಡಿಗೆಯಲ್ಲೇ ಗೆಲುವಿತ್ತು. ಮಾಸ್ತರರು ಅದನ್ನು ತಿರುಗಿಸಿ ನೋಡಿದರು. “ಈ ತುದಿಗೆ ಮೂರು ತುಂಡು ಕೂಡ್ಯಾವ. ನಡುವಿನ ಮೂಲಿಗೆ ನಾಕು. ಎಲ್ಲಾ ಮೂಲಿ ಒಂದ ಥರಾ ಇರಬೇಕು ಅಂದಿದ್ನಲ್ರಿ?” ಎಂದರು. ನಾನು ಟವೆಲನ್ನು ಹೆಗಲಿಗೇರಿಸಿ, ಘನಾಕೃತಿಯನ್ನು ಖಾಜಾಸಾಬರಿಗೆ ತಲೆದಿಂಬಾಗಿ ಕೊಟ್ಟು ಬಂದೆ.

ಇನ್ನು ಹೊಲಿದು ನೋಡಲು ಉಳಿದದ್ದು ಆರು ಬದಿಯ ತುಂಡು. ಅಂಗಡಿಯಿಂದ ಮನೆಗೆ ತಂದಿದ್ದ ಗೋಣಿ ಮುಗಿದಿತ್ತು, ಗೌರವ್ವನ ಹಳೆಯ ಸೀರೆಯೊಂದು ಕೈಗೆ ಸಿಕ್ಕಿತು, ಕತ್ತರಿಸಿದೆ. ಮೂರನ್ನು ಒಂದು ಮೂಲೆಗೆ ಸೇರಿಸಿ ಹೊಲಿದು ಮೇಲಕ್ಕೆತ್ತಿದೆ. ಏಳಲಿಲ್ಲ. ಇನ್ನಷ್ಟು ತುಂಡುಗಳನ್ನು ಸೇರಿಸಿದೆ, ದಾರ ಜಗ್ಗಿದೆ, ಬೈದೆ. ನೆಲಕ್ಕೆ ಅಂಟಿಕೊಂಡೇ ಹರಡುತ್ತ ಹೋಯಿತು. ಗೌರವ್ವ ಬಂದು ನೋಡಿ, ಸೀರೆಯ ಗುರುತು ಹಿಡಿದು, ಹರಡಿದ್ದನ್ನು ಎತ್ತಿ ಜಾಡಿಸಿದಳು. ನಂತರ, “ಹೋಗ್ಲಿ ಬಿಡ್ರಿ, ಹೊದ್ಕೊಳ್ಳಾಕ ಕೌದಿ ಛಲೋ ಆಕ್ಕೈತಿ,” ಎಂದಳು.

ಆ ಕೌದಿಯನ್ನು ದಿಟ್ಟಿಸುತ್ತ ಕುಳಿತಾಗ ನನಗೆ ಹೊಳೆಯಿತು. ತ್ರಿಕೋನಗಳು ಮೂಲೆಯಲ್ಲಿ ಮೂರೋ ನಾಲ್ಕೋ ಐದೋ ಸೇರಿದಾಗ ಸುತ್ತಲೂ ಬಟ್ಟೆ ಸಾಲುವುದಿಲ್ಲ. ಬಿರುಕನ್ನು ಹೊಲಿದು ಮುಚ್ಚಿದಾಗ ಮೂಲೆ ತಾನಾಗಿ ಏಳುತ್ತದೆ. ಆರು ಸೇರಿದರೆ ಬಿರುಕೇ ಇಲ್ಲ, ಚಪ್ಪಟೆ. ಚೌಕಗಳಿಗೂ ಐದು ಬದಿಯವಕ್ಕೂ ಮೂರು ಸೇರಿದಾಗ ಮಾತ್ರ ಕೊರತೆ. ಆರು ಬದಿಯವು ಮೂರೇ ಸೇರಿದರೂ ಕೊರತೆಯಿಲ್ಲ; ಅದಕ್ಕೂ ಮೇಲಿನವಾದರೆ ಬಟ್ಟೆ ಹೆಚ್ಚಾಗಿ ನಿರಿಗೆ ಬೀಳುತ್ತದೆ. ಕೊರತೆಯಿದ್ದಲ್ಲಿ ಮಾತ್ರ ಮೂಲೆ ಏಳುವುದು. ತ್ರಿಕೋನಕ್ಕೆ ಮೂರು, ಚೌಕಕ್ಕೊಂದು, ಐದು ಬದಿಯದಕ್ಕೊಂದು: ಅಂಥ ಕೊರತೆಗಳು ಲೋಕದಲ್ಲಿ ಐದೇ. ನಾನು ಸೋತಿದ್ದೆ, ಆದರೆ ನನ್ನನ್ನು ಸೋಲಿಸಿದ್ದು ಪುಸ್ತಕವಲ್ಲ, ನನ್ನದೇ ದಬ್ಬಣ. ಇಷ್ಟು ಸಂತೋಷದಿಂದ ನಾನು ಯಾವತ್ತೂ ಗೆದ್ದಿರಲಿಲ್ಲ.

ಉಗಾದಿಯ ಮರುದಿನ ಕೌದಿಯನ್ನು ಕಟ್ಟೆಯ ಮೇಲೆ ಹಾಸಿ ಇದೆಲ್ಲವನ್ನೂ ವಿವರಿಸಿದೆ. “ಸೋತೆ, ಮಾಸ್ತರ. ಐದು ಖರೆ,” ಎಂದೆ.

“ನನಗ ಗೊತ್ತಿತ್ತು,” ಎಂದರು ಮಾಸ್ತರರು.

“ಗೊತ್ತಿದ್ದು ಈ ಕಾರಣ ಯಾಕ ಹೇಳಲಿಲ್ಲ?”

“ನಾನ ಹೇಳಿದ್ರ ನೀವು ಒಪ್ಪತಿದ್ರೇನು?”

ಮಾಸ್ತರರು ಚಹಾ ಹೀರಿ, ಏನೂ ಅರಿಯದವರಂತೆ ಮುಂದುವರಿಸಿದರು: “ಚುಕ್ಕಿ ಎಳದ್ರ ಗೆರಿ ಆಕ್ಕೈತಿ, ಗೆರಿ ಸರಿಸಿದ್ರ ಚೌಕ, ಚೌಕ ಎತ್ತಿದ್ರ ಪೆಟ್ಟಿಗಿ. ಆ ಪೆಟ್ಟಿಗಿನ ಈ ಮೂರೂ ಬಿಟ್ಟು ಮತ್ತೊಂದು ದಿಕ್ಕಿಗೆ ಸರಿಸಿದ್ರ ನಾಕನೇ ಆಯಾಮ. ಅಲ್ಲಿ ಇಂಥಾ ಆಕಾರ ಐದಲ್ರಿ, ಆರು ಅದಾವ. ಅದರಾಚಿಗೆ ಎಷ್ಟು ಆಯಾಮ ಹೋದ್ರೂ ಬರೇ ಮೂರು.”

ಕಟ್ಟೆಯವರೆಲ್ಲ ನನ್ನ ಮುಖ ನೋಡಿದರು. ನಾಲಿಗೆಯ ತುದಿಗೆ ಬಂದುದನ್ನು ಕಷ್ಟಪಟ್ಟು ನುಂಗಿದೆ.

“ಯಾಕ, ಸುಮ್ನ ಕುಂತ್ರಿ?” ಎಂದರು ಮಾಸ್ತರರು.

“ಕರಾರು ಐತಲ್ರಿ.”

“ಕರಾರು ಹರದ್ನಿ, ಬಿಡ್ರಿ. ನೀವು ಎಲ್ಲಾದಕ್ಕೂ ಹೂಂ ಅಂತ ಕುಂತ್ರ ನಾನು ಯಾರ ಮುಂದ ಹೇಳ್ಲಿ? ಅನ್ರಿ ಮಾರಾಯ್ರ!”

ನಾನು ಎದ್ದು ಕಟ್ಟೆಯ ಮೇಲೆ ನಿಂತೆ. “ಅದು ಸುಳ್ಳು!” ಎಂದು ಗಿರಣಿಗಳ ಸದ್ದನ್ನೂ ಮೀರಿ ಕೂಗಿದೆ. ಚಪ್ಪಾಳೆ ಬಿತ್ತು. ಖಾಜಾಸಾಬರು ತಲೆದಿಂಬನ್ನು ಮೇಲಕ್ಕೆಸೆದು ಹಿಡಿದರು.

ಅರ್ಧ ಚಹಾ ಮುಗಿದ ಮೇಲೆ ನನಗೆ ಅರಿವಾಯಿತು: ಮಾಸ್ತರರು ನಾಲ್ಕನೆಯ ಆಯಾಮದಲ್ಲಿ ಕೊಟ್ಟದ್ದು ನನ್ನ ಆರನೆಯದನ್ನೇ. ಇದೆ ಎಂದು ನಾನು ಹಟ ಹಿಡಿದದ್ದು ಸರಿಯೇ ಆಗಿತ್ತು. ಅದು ಇರುವ ಕೋಣೆಯನ್ನಷ್ಟೇ ತಪ್ಪಾಗಿ ಹೇಳಿದ್ದೆ. ಈಗ ನನ್ನ ಗೆಲುವನ್ನು ನಾನೇ ಊರೆದುರಿಗೆ ಸುಳ್ಳೆಂದು ಸಾರಿದ್ದೆ.

ಆದರೂ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಮಡಿಸಿಟ್ಟ ಚೀಲಕ್ಕೆ ಎತ್ತರದ ಸುದ್ದಿ ಹೇಳಿದರೆ ಅದೂ ಸುಳ್ಳೆಂದೇ ಅನ್ನುತ್ತದೆ. ಭತ್ತ ಬಿದ್ದಾಗಲಷ್ಟೇ ಒಪ್ಪುತ್ತದೆ. ಯಾರೋ ಹೇಳಿದರೆಂದು ಸೋಲನ್ನು ಒಪ್ಪದವನು ಗೆಲುವನ್ನು ಮಾತ್ರ ಹೇಗೆ ಒಪ್ಪಲಿ? ದಬ್ಬಣ ಇನ್ನೂ ಮೊಂಡಾಗಿಲ್ಲ. ಗೌರವ್ವನಲ್ಲಿ ಇನ್ನೂ ಒಂದೆರಡು ಹಳೆಯ ಸೀರೆಗಳಿವೆ. ಹೊಟ್ಟನ್ನು ಯಾವ ದಿಕ್ಕಿನಿಂದ ತುಂಬಬೇಕೆಂಬುದೊಂದು ತಿಳಿಯಬೇಕಾಗಿದೆ.