‘ಸಾಕು’ ಎಂದರೆ ನಂಬದ ಗುರಮ್ಮ

ಅತನೂರ ಹೊರವಲಯದ ದ್ರಾಕ್ಷಿ ತೋಟದಲ್ಲಿ ಇನ್ನೂ ಸೂರ್ಯ ಮೂಡಿಲ್ಲ. ಜನವರಿಯ ಚಳಿಗೆ ತಲೆಗೆ ಟವೆಲ್ ಸುತ್ತಿಕೊಂಡ ಗುರಮ್ಮ ಚಪ್ಪರದ ಕೆಳಗೆ ಕತ್ತೆತ್ತಿ ನಿಂತು, ಗೊನೆಗಳಿಗೆ ಗಾಳಿ ಬೆಳಕು ಆಡಲೆಂದು ಸುತ್ತಲಿನ ಎಲೆ ಕೀಳುತ್ತಿದ್ದಾರೆ. ಕೈಯಂತೆ ಬಾಯಿಯೂ ಸುಮ್ಮನಿಲ್ಲ. ಪಕ್ಕದ ಸಾಲಿನ ಹೆಂಗಸರನ್ನು ಛೇಡಿಸುತ್ತಾರೆ, ಮಾತಾಡಿಸಲು ಬಂದ ನನ್ನತ್ತ ತಿರುಗಿ ಚಹಾ ಆಯಿತೇ ಎಂದು ವಿಚಾರಿಸುತ್ತಾರೆ. ಆಯಿತು ಎಂದರೆ ನಂಬದೆ ಇನ್ನೊಂದು ಗ್ಲಾಸು ತರಿಸುತ್ತಾರೆ. ಈ ನಂಬದ ಗುಣವೇ ಅವರನ್ನು ಫಜೀತಿಗೆ ಸಿಕ್ಕಿಸಿದ್ದು.

ಹೊತ್ತೇರಿದ ಮೇಲೆ ಇಲ್ಲಿಗೊಂದು ಕ್ಯಾರವಾನ್ ಬರಲಿದೆ. ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಒಳಗೇ ಇರುವ ಅದಕ್ಕೆ ಊರವರು ಇಟ್ಟ ಹೆಸರು ಮನಿಗಾಡಿ. ಆಳಂದದಲ್ಲಿ ರಾತ್ರಿ ಕಳೆದ ಪ್ರವಾಸಿಗರನ್ನು ಅದು ಅವಸರವಿಲ್ಲದೆ ಒಂದು ದಿನ ಸುತ್ತಿಸುತ್ತದೆ. ಈ ತೋಟದಲ್ಲಿ ವೈನಿನ ರುಚಿ, ಆಮೇಲೆ ಗಾಣಗಾಪುರದ ಬಳಿ ಭೀಮಾ–ಅಮರ್ಜಾ ಸಂಗಮ, ಸಂಜೆಗೆ ಜೇವರ್ಗಿ ದಾರಿಯ ಕಟ್ಟಿಸಂಗಾವಿ ಸೇತುವೆ ಹತ್ತಿರ ಹೊಳೆಯ ದಂಡೆ. ತೋಟದ ಮಾಲೀಕ ಶಾಂತಲಿಂಗಪ್ಪನವರು ತಮ್ಮದೇ ಹಣ್ಣಿನಿಂದ ವೈನ್ ಮಾಡುತ್ತಾರೆ. ಅದನ್ನು ಅತಿಥಿಗಳ ಗ್ಲಾಸಿಗೆ ಹಾಕಿಕೊಡುವವರು ಗುರಮ್ಮ. ಇವತ್ತು ಎಲ್ಲ ನೆಟ್ಟಗೆ ನಡೆದರೆ ಆ ಕೆಲಸ ಅವರಿಗೇ ಉಳಿಯುತ್ತದೆ. ಎಡವಿದರೆ ಪೇಟೆಯಲ್ಲಿ ತರಬೇತಾದವರು ಬರುತ್ತಾರೆ, ಗುರಮ್ಮ ಮತ್ತೆ ಎಲೆ ಕೀಳುವುದಷ್ಟೇ.

ಗುರಮ್ಮ ಕರಜಗಿಯ ಮಗಳು. ಮದುವೆಗೆ ಮುಂಚೆ ಕಬ್ಬು ಕಡಿದವರು, ಅತನೂರಿಗೆ ಸೊಸೆಯಾಗಿ ಬಂದ ಮೇಲೆ ದ್ರಾಕ್ಷಿಗೆ ಕೈ ಹಚ್ಚಿದವರು. ಕೊರಳಲ್ಲಿ ಲಿಂಗ, ಬೆಳಿಗ್ಗೆ ಪೂಜೆಯಾಗದೆ ನೀರು ಮುಟ್ಟುವವರಲ್ಲ. ವೈನಂತೂ ದೂರದ ಮಾತು. ಇದು ಹೇಗಿದೆ ಎಂದು ಅತಿಥಿಗಳು ಕೇಳಿದರೆ ಅವರ ಉತ್ತರ ಸಿದ್ಧ: “ನಾ ಕುಡದಿಲ್ರಿ. ಹಣ್ಣ ತಿಂದೀನಿ. ಹಣ್ಣ ಭೇಷಿತ್ತು.”

ಹಾಗಿದ್ದ ಮೇಲೆ ಈ ಕೆಲಸದ ಮೇಲೆ ಇಷ್ಟೇಕೆ ಆಸೆ? ಕೇಳಿದೆ. ಎಲೆ ಕೀಳುವ ಕೈ ನಿಂತಿತು. “ಹದಿನೈದ ವರ್ಸ ಎಲಿ ಕೂಡ ಮಾತಾಡೀನ್ರಿ. ಎಷ್ಟ ಮಾತಾಡಿಸಿದ್ರೂ ಅವು ಹೊಳ್ಳಿ ಮಾತಾಡಂಗಿಲ್ಲ. ಮಂದಿ ಮಾತಾಡ್ತಾರ. ಮೈಸೂರಿನವ್ರು, ಪುಣೇದವ್ರು ನನ್ನ ಹೆಸರ ಹಿಡದು ಕರೀತಾರ. ನನಗ ಅದ ಬೇಕ್ರಿ.”

ಫಜೀತಿಯಾದದ್ದು ಹೋದ ತಿಂಗಳು, ಮೊದಲ ಪ್ರವಾಸದ ದಿನ. ನಮ್ಮ ಕಡೆ ಉಣ್ಣಲು ಕೂತವರು ಮೊದಲ ಸಲ ‘ಸಾಕು’ ಎನ್ನುವುದು ಸಂಕೋಚಕ್ಕೆ, ಎರಡನೆಯ ಸಲ ಮರ್ಯಾದೆಗೆ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಾಗಿದರೆ ಮಾತ್ರ ಬಡಿಸುವವರು ನಂಬುತ್ತಾರೆ. ಪಾಪ, ಪ್ರವಾಸಿಗರಿಗೇನು ಗೊತ್ತು? ಬಾಯಿತುಂಬ ಸಾಕು ಸಾಕು ಎಂದರು, ಕೈ ಮಾತ್ರ ಅಡ್ಡ ಹಿಡಿಯಲಿಲ್ಲ. ಗುರಮ್ಮ ಮಜ್ಜಿಗೆ ಹಾಕಿದಂತೆ ಗ್ಲಾಸು ತುಂಬಿಸಿದರು, ಖಾಲಿಯಾದಂತೆ ಮತ್ತೆ ತುಂಬಿಸಿದರು. ಅದೂ ಖಾಲಿ ಹೊಟ್ಟೆಗೆ.

ಮುಂದಿನ ಕತೆಯನ್ನು ಮನಿಗಾಡಿಯ ಚಾಲಕ ಯಾಕೂಬಸಾಬ ನಗು ತಡೆಯಲಾರದೆ ಹೇಳುತ್ತಾರೆ: “ಸಂಗಮಕ್ಕ ಹೋಗಿ ಹಾರ್ನ್ ಹೊಡದೆ, ಒಬ್ಬರೂ ಏಳ್ಲಿಲ್ಲ. ಕಟ್ಟಿಸಂಗಾವಿಗೆ ಹೋದೆ, ಅಲ್ಲೂ ಗೊರಕಿ. ಅವತ್ತ ಪೂರಾ ಜಿಲ್ಲಾ ನೋಡಿದಾವ ನಾ ಒಬ್ಬನ ನೋಡ್ರಿ!”

ಪ್ರವಾಸ ನಡೆಸುವ ಕಲಬುರಗಿಯ ಅನೀಲಕುಮಾರರಿಗೆ ನಗು ಬರಲಿಲ್ಲ. ಬಡಿಸುವವರನ್ನು ಬದಲಿಸಿ ಎಂದರು. ಶಾಂತಲಿಂಗಪ್ಪನವರು ಇನ್ನೊಂದು ಅವಕಾಶ ಕೇಳಿಕೊಂಡದ್ದರಿಂದ ಅನೀಲಕುಮಾರರು ಇವತ್ತು ಖುದ್ದು ನೋಡಲು ಈಗಷ್ಟೇ ಬಂದು ನಿಂತ ಮನಿಗಾಡಿಯಿಂದ ಇಳಿದಿದ್ದಾರೆ. ಅವರದು ಒಂದೇ ಕರಾರು: ದೊಡ್ಡ ಗ್ಲಾಸಿನ ತಳದಲ್ಲಿ ಎರಡು ಬೆರಳಿನಷ್ಟು, ಅದಕ್ಕಿಂತ ಒಂದು ಹನಿಯೂ ಹೆಚ್ಚು ಬೇಡ.

ಗುರಮ್ಮ ಸೀರೆ ಬದಲಿಸಿ ತಯಾರಾಗಿದ್ದಾರೆ. ಬಂದವರು ಬಾಟಲಿಯತ್ತ ನೋಡಿದರೆ ಇವರು ತಾಟು ಹಾಕುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. “ಮೊದಲ ಉಣ್ರಿ. ಹಸದ ಹೊಟ್ಟಿಗಿ ಕೊಡಂಗಿಲ್ಲ. ಮತ್ತ ಬಾಯಿಲೆ ಸಾಕಂದ್ರ ನನಗ ಕೇಳ್ಸಂಗಿಲ್ಲ. ಗ್ಲಾಸಿನ ಮ್ಯಾಲ ಅಂಗೈ ಇಡ್ರಿ, ಅವಾಗ ಬಿಡ್ತೇನಿ.”

ಊಟ ಮುಗಿದು ವೈನಿನ ಸರದಿ. ಗುರಮ್ಮ ಎರಡು ಬೆರಳಿನಷ್ಟೇ ಹಾಕುತ್ತಾರೆ. ಆದರೆ ಅವರ ಮುಖ ನೋಡಬೇಕು, ಯಾರದೋ ಪಾಲು ಕಸಿದುಕೊಂಡವರ ಹಾಗೆ ಬಾಡಿದೆ. ಮೈಸೂರಿನಿಂದ ಬಂದ ಹಿರಿಯ ಮಹಿಳೆಯೊಬ್ಬರು ಗ್ಲಾಸು ಮೇಲೆತ್ತಿ, “ಇಷ್ಟೇನಾ ಗುರಮ್ಮ?” ಎಂದು ತಮಾಷೆ ಮಾಡುತ್ತಾರೆ. ತಮಾಷೆಯೇ ಇರಬಹುದು, ಗುರಮ್ಮನಿಗೆ ಅದು ಚುಚ್ಚುತ್ತದೆ. ಬಾಟಲಿ ಹಿಡಿದ ಕೈ ಮುಂದೆ ಬರುತ್ತದೆ. ಅನೀಲಕುಮಾರರು ಕೆಮ್ಮುತ್ತಾರೆ.

ಗುರಮ್ಮ ಬಾಟಲಿ ಕೆಳಗಿಟ್ಟು ಒಳಗೆ ನಡೆದುಬಿಡುತ್ತಾರೆ. ಹೊರಬಂದಾಗ ಕೈಯಲ್ಲಿ ಚಹಾದ ಸಣ್ಣ ಗ್ಲಾಸುಗಳ ತಟ್ಟೆ. ದೊಡ್ಡ ಗ್ಲಾಸಿನಲ್ಲಿದ್ದ ಆ ಎರಡು ಬೆರಳಿನ ವೈನನ್ನೇ ಸಣ್ಣದಕ್ಕೆ ಸುರಿಯುತ್ತಾರೆ. ಗ್ಲಾಸು ಕಂಠಮಟ್ಟ ತುಂಬುತ್ತದೆ. “ತಗೊಳ್ರಿ ಅಕ್ಕಾರ, ತುಂಬಿದ ಗ್ಲಾಸ!”

“ಚಹಾ ಗ್ಲಾಸಿನಾಗ ವೈನಿನ ಪರಿಮಳ ಸಿಗಂಗಿಲ್ಲ” ಎಂದು ಅನೀಲಕುಮಾರರು ಮುಖ ಗಂಟಿಕ್ಕುತ್ತಾರೆ. ವೈನ್ ಬಲ್ಲ ಅತಿಥಿಗಳೂ ಮಾತು ಖರೆ ಎಂದು ಒಪ್ಪುತ್ತಾರೆ. ಗುರಮ್ಮ ವಾದ ಮಾಡುವುದಿಲ್ಲ. “ವಾಸ್ನಿ ದೊಡ್ಡದರಾಗ ನೋಡ್ಲಿ ಸಾಹೇಬ್ರ, ಕುಡಿಯೋದು ಇದರಾಗ ಕುಡೀಲಿ. ಅಳತಿ ನಿಮ್ಮದ, ಮರ್ಯಾದಿ ನಮ್ಮದು.”

ಮಧ್ಯಾಹ್ನ ಎಲ್ಲರೂ ಕಣ್ಣು ಬಿಟ್ಟುಕೊಂಡೇ, ಸಂಗಮ ಎಷ್ಟು ದೂರ ಎಂದು ಯಾಕೂಬಸಾಬರನ್ನು ಪೀಡಿಸುತ್ತ ಗಾಡಿ ಹತ್ತುತ್ತಾರೆ. ಕೊನೆಗೆ ಹತ್ತಿದ ಅನೀಲಕುಮಾರರು ಬಾಗಿಲಲ್ಲಿ ನಿಂತು, “ಶಾಂತಲಿಂಗಪ್ನವ್ರ, ಪೇಟಿಯವ್ರು ಬ್ಯಾಡ. ಮುಂದಿನ ವಾರಕ್ಕ ಚಹಾ ಗ್ಲಾಸ್ ಇನ್ನಷ್ಟು ತರಸ್ರಿ” ಎನ್ನುತ್ತಾರೆ. ಗುರಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಬೆವರೇ ಇರಬೇಕು ಎಂದುಕೊಂಡು ನಾನು ಬೇರೆ ಕಡೆ ನೋಡುತ್ತೇನೆ.

ಗಾಡಿ ಎಬ್ಬಿಸಿದ ಧೂಳು ಅಡಗಿದ ಮೇಲೆ, ಇನ್ನೇನು ಆಸೆ ಎಂದು ಕೇಳುತ್ತೇನೆ. ಗ್ಲಾಸು ತೊಳೆಯುತ್ತಲೇ ಹೇಳುತ್ತಾರೆ: “ಗುರಮ್ಮ ಕಡಿಮಿ ಹಾಕಿದ್ಳು ಅಂತ ಒಬ್ಬರೂ ಅನ್ನಬಾರದ್ರಿ, ಅಷ್ಟ. ಹೆಚ್ಚ ಹಾಕಿದ್ಳು ಅಂತ ಬೈದ್ರ, ಬೈಸಿಗೊಂತೇನಿ.”