ನೀರಕ್ಕನ ಕೆಂಪು ಗೆರೆ

ಕೆರೆಯ ನೀರನ್ನು ಊರಿಗೆ ಬಿಡುವ ಹೆಂಗಸನ್ನು ಎಲ್ಲರೂ ನೀರಕ್ಕ ಅಂತಲೇ ಕರೆಯುತ್ತಿದ್ದರು. ಅವಳ ಕೋಣೆಯ ಗೋಡೆಯ ಮೇಲೆ ನೀರಿನ ಮಟ್ಟ ತೋರಿಸುವ ಒಂದು ಮುಳ್ಳು. ಅದರ ದಾರದ ಇನ್ನೊಂದು ತುದಿ ಕೆರೆಯಲ್ಲಿ ತೇಲುವ ಡಬ್ಬಕ್ಕೆ. ಡಬ್ಬ ಇಳಿದರೆ ಮುಳ್ಳೂ ಇಳಿಯುತ್ತದೆ. ಗೋಡೆಯ ಮೇಲೆ ಎಳೆದ ಕೆಂಪು ಗೆರೆ ದಾಟಿ ಕೆಳಗೆ ಬಂತೋ, ನೀರಕ್ಕ ಊರಿನ ವಾಲ್ವ್ ತಿರುಗಿಸಿ ಮುಚ್ಚಿಬಿಡುವಳು. ಗೆರೆಯ ಮೇಲಿನ ನೀರು ಊರಿಗೆ, ಕೆಳಗಿನದು ಮೀನು, ಕಪ್ಪೆ, ಕೊಕ್ಕರೆಗಳಿಗೆ.

"ಅವ್ರಿಗೂ ಸಂಸಾರ ಇಲ್ವಾ?" ಎನ್ನುವಳು. ಮುಳ್ಳು ಹೇಳಿದ್ದೇ ಅವಳಿಗೆ ಮಾತು. ಕಿಟಕಿಯಿಂದ ಇಣುಕಿ ಕೆರೆಯನ್ನೊಮ್ಮೆ ನೋಡೋಣ ಅಂತ ಅನ್ನಿಸಿದ್ದೇ ಇಲ್ಲ.

ಆ ಬೇಸಿಗೆಯಲ್ಲಿ ಮುಳ್ಳಿಗೆ ಅದೇನು ಹುಚ್ಚು ಹಿಡಿಯಿತೋ! ಬಿಸಿಲೇರುತ್ತಲೇ ದಡಕ್ಕನೆ ಕೆಳಗೆ, ಸಂಜೆಯಾದರೆ ಮತ್ತೆ ಮೇಲೆ. ಮಟಮಟ ಮಧ್ಯಾಹ್ನ ಊರ ನಲ್ಲಿಗಳೆಲ್ಲ ಗೊರಗೊರ ಕೆಮ್ಮಿ ಸುಮ್ಮನಾಗತೊಡಗಿದವು.

"ಮೀನಿಗೆ ನೀರಂತೆ, ನಮಗೆ ಗೊರಗೊರ ಅಂತೆ!" ಊರು ಕುದಿಯಿತು. ಗೆರೆಯನ್ನೇ ಅಳಿಸಿಬಿಡುತ್ತೇನೆಂದು ಊರ ಅಧ್ಯಕ್ಷರು ಬಿಳಿ ಬಣ್ಣ ತರಿಸಿದರು. ಹೊರಡುವ ಮುಂಚೆ ಗಡ್ಡ ಬೋಳಿಸಿಕೊಳ್ಳೋಣವೆಂದು ಕ್ಷೌರದಂಗಡಿ ಹೊಕ್ಕರು. ಕ್ಷೌರಿಕ ಬೇರಾರೂ ಅಲ್ಲ, ನೀರಕ್ಕನ ಗಂಡ.

ಬಲಗೆನ್ನೆ ಮುಗಿದಿತ್ತು. ಎಡಗೆನ್ನೆಯ ತುಂಬ ನೊರೆ. ನಲ್ಲಿ ಕೆಮ್ಮಿತು.

"ಏನಯ್ಯಾ ಇದು?"

"ನಮ್ಮನೆಯವಳದೇ ಕೆಲಸ ಸಾರ್," ಎಂದ ಗಂಡ, ಕತ್ತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು.

ಅಧ್ಯಕ್ಷರು ನೊರೆ ಸಮೇತ ಕೆರೆಗೆ ಓಡಿದರು. ಕೊರಳಿಗೆ ಕಟ್ಟಿದ ಬಟ್ಟೆ ವಾಪಸ್ ತರಲು ಹಿಂದೆ ಗಂಡ.

"ಎಲ್ಲಿದೆಯಮ್ಮಾ ಆ ಗೆರೆ?"

"ಅಳಿಸ್ಬೇಡಿ ಸಾರ್! ಕೆರೆ ತಳ ಕಂಡ್ರೆ ಇವತ್ತು ಮೀನಿಗಿಲ್ಲ, ನಾಳೆ ನಮಗೂ ಇಲ್ಲ. ಮುಳ್ಳು ನೋಡಿ, ಎಷ್ಟು ಕೆಳಗಿದೆ!"

"ಕೆರೆ ತುಂಬಿದೆಯಲ್ಲೇ! ಬಂದು ನೋಡೇ ಮಾರಾಯ್ತಿ!" ಗಂಡ ಕಿಟಕಿಯ ಬಳಿಯಿಂದ ಕೂಗಿದ.

ನೀರಕ್ಕ ಮೊದಲ ಸಲ ಇಣುಕಿದಳು. ಡಬ್ಬದ ಮೇಲೊಂದು ಆಮೆ, ಅದರ ಬೆನ್ನ ಮೇಲೆ ಮಗ, ಮಗನ ಬೆನ್ನ ಮೇಲೆ ಮೊಮ್ಮಗ. ಕತ್ತು ಚಾಚಿ ಬಿಸಿಲಿಗೆ ಮೈಯೊಡ್ಡಿದ್ದವು. ಭಾರಕ್ಕೆ ಡಬ್ಬ ಮುಕ್ಕಾಲು ಮುಳುಗಿತ್ತು.

"ನಿಮಗೋಸ್ಕರ ಊರೋರಿಂದೆಲ್ಲ ಬೈಸ್ಕೊಂಡೆನಲ್ರೋ!"

ಏನಿದೆಂದು ಅಧ್ಯಕ್ಷರೂ ಕಿಟಕಿಗೆ ಮುಖ ಕೊಟ್ಟರು. ಆ ಅರ್ಧ ನೊರೆಯ ಮುಖ ಕಂಡದ್ದೇ ತಡ, ಆಮೆಗಳು ನೀರಿಗೆ ಬುಳುಂ, ಬುಳುಂ, ಬುಳುಂ! ಮುಳ್ಳು ಟಣ್ಣನೆ ಗೆರೆಯ ಮೇಲಕ್ಕೆ ಹಾರಿತು. ಅಧ್ಯಕ್ಷರಿಗೆ ನಗು ತಡೆಯಲಾಗದೆ ನೊರೆಯೆಲ್ಲ ಬಾಯಿಗೆ ಹೋಯಿತು.

"ಥೂ... ಗೆರೆ ಇರ್ಲಮ್ಮ. ಆ ಸಂಸಾರಕ್ಕೆ ಬಿಸಿಲು ಕಾಯೋಕೆ ತೇಲೋ ಹಲಗೆ ಒಂದು ಬೇರೆ ಹಾಕ್ಸು."

ಹಲಗೆ ಬಂತು. ಅದೇ ಬಿಳಿ ಬಣ್ಣದಲ್ಲಿ ಗಂಡ 'ಆಮೆಗಳಿಗೆ ಮಾತ್ರ' ಎಂದು ಬರೆದ. ಈಗ ಅದರ ಮೇಲೆ ಬಾತುಕೋಳಿಗಳು ಕೂರುತ್ತವೆ; ಆಮೆಗಳು ಡಬ್ಬದ ಮೇಲೆಯೇ. ಮುಳ್ಳು ಇಳಿದಾಗಲೆಲ್ಲ ನೀರಕ್ಕ ಕಿಟಕಿಗೆ ಬಂದು, "ಏಳ್ರೋ, ನೀರೆಷ್ಟಿದೆ ನೋಡ್ಬೇಕು!" ಎನ್ನುತ್ತಾಳೆ. ಏಳದಿದ್ದರೆ ಗಂಡನ ಮುಖಕ್ಕೆ ನೊರೆ ಹಚ್ಚಿ ಅಲ್ಲಿ ನಿಲ್ಲಿಸುತ್ತಾಳೆ.